ಡ್ರೈಯರಿನೊಳಗೆ ಚೀಲದ ಶಾಯಿ

ಒಂದು ಮುಂಜಾನೆ ನಾನು ಡ್ರೈಯರಿನೊಳಗೆ ಕತ್ತಿನವರೆಗೆ ತಲೆ ತೂರಿಸಿ, ಒಂದು ಕೈಯಲ್ಲಿ ಸವೆದ ಹಲ್ಲುಜ್ಜುವ ಬ್ರಶ್ಶು, ಇನ್ನೊಂದರಲ್ಲಿ ಹಳೆಯ ಬನಿಯನ್ನಿನ ಚೂರು ಹಿಡಿದು ನಿಂತಿದ್ದೆ. ಆ ಹೊತ್ತಿಗೆ ನೀವೇನಾದರೂ ನಮ್ಮ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿದ್ದರೆ ಈ ಮನೆಯ ಹಿರಿಯ ಸೊಸೆಯ ಬೆನ್ನು ಮಾತ್ರ ನಿಮಗೆ ಕಾಣುತ್ತಿತ್ತು. ತಲೆ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತಿತ್ತು. ಒಳಗೆ ಮಬ್ಬು, ಸೋಪಿನ ಹಳಸಿದ ವಾಸನೆ, ನನ್ನದೇ ಉಸಿರಿನ ಸದ್ದು. ಕಣ್ಣು ಹೊಂದಿಕೊಂಡ ಮೇಲೆ ಬಿಳಿಯ ಪ್ಲಾಸ್ಟಿಕ್ಕಿನ ಗೋಡೆ ಕಂಡಿತು, ಗೋಡೆಯ ತುಂಬ ಸಾಲುಸಾಲು ತೂತು ಕಂಡವು, ಆ ತೂತುಗಳ ನಡುವೆ ಬಾಲ ಬಿಟ್ಟುಕೊಂಡು ಒಂದೇ ದಿಕ್ಕಿಗೆ ಓಡಿದಂತಿದ್ದ ಕಲೆಗಳು ಕಂಡವು. ಬದನೆಕಾಯಿಗೂ ನೀಲಿಗೂ ನಡುವಿನ ಬಣ್ಣ. ಶಾಯಿ.

ಇಷ್ಟು ನಾನು ಕಣ್ಣಾರೆ ಕಂಡದ್ದು. ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆ ಇಟ್ಟು ಹೇಳುವ ಅಭ್ಯಾಸ ನನಗೆ ಹತ್ತಿದ್ದು ಅದೇ ವಾರ. ಅದಕ್ಕೆ ಮೊದಲು ನಾನೂ ನಿಮ್ಮ ಹಾಗೆ, ಎಲ್ಲರ ಹಾಗೆ, ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಒಗೆಯುತ್ತಿದ್ದವಳು.

ಗಜೇಂದ್ರಗಡದ ನಮ್ಮ ಓಣಿಗೆ ಅದು ಬಟ್ಟೆ ಒಗೆಯುವ ಮೊದಲನೆಯ ಯಂತ್ರ. ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ಮಾಡುವ ಕಂಬಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದ ಕಾಲ; ಕಂಬ ನಮ್ಮ ಕಣ್ಣೆದುರು ತಿರುಗುತ್ತಿತ್ತು, ಕರೆಂಟು ಮಾತ್ರ ಯಾವ ಊರಿಗೆ ಹೋಗುತ್ತಿತ್ತೋ, ನಮ್ಮ ಮನೆಗೆ ತನಗೆ ತೋಚಿದಾಗ ಬರುತ್ತಿತ್ತು. ನಳದ ನೀರೂ ಹಾಗೆಯೇ, ವಾರಕ್ಕೊಮ್ಮೆ. ಆದ್ದರಿಂದ ನೀರು ಬಂದ ದಿನ ಓಣಿಗೆ ಓಣಿಯೇ ಒಗೆಯಲು ಕೂಡುವುದು, ಕರೆಂಟು ಇದ್ದರೆ ಒದ್ದೆ ಬಟ್ಟೆಯ ಬುಟ್ಟಿಗಳೊಂದಿಗೆ ನಮ್ಮ ಹಿತ್ತಿಲಿಗೆ ಬರುವುದು ರೂಢಿಯಾಯಿತು. ರೋಣದ ಅಂಗಡಿಯಿಂದ ಟೆಂಪೋದಲ್ಲಿ ಬಂದ ಆ ಯಂತ್ರಕ್ಕೆ ಎರಡು ಹೊಟ್ಟೆ. ಎಡಗಡೆಯದು ಒಗೆಯಲು, ಬಲಗಡೆಯದು ಹಿಂಡಲು. ಎಡಗಡೆಯದನ್ನು ಯಾರೂ ನಂಬಲಿಲ್ಲ. ಕಲ್ಲಿಗೆ ಬಡಿಯದೆ ಬಟ್ಟೆ ಹಸನಾಗುವುದೆಂದರೆ ಬೈಯದೆ ಮಕ್ಕಳು ಬೆಳೆದಂತೆ ಎಂಬುದು ನಮ್ಮ ಅತ್ತೆಯ ಅಭಿಪ್ರಾಯವಾಗಿತ್ತು. ಆದರೆ ಬಲಗಡೆಯ ಚಿಕ್ಕ ಹೊಟ್ಟೆ, ಅದೇ ಡ್ರೈಯರು, ಎಲ್ಲರನ್ನೂ ಗೆದ್ದಿತು. ಅದು ಸುತ್ತಲು ತೊಡಗಿದರೆ ಯಂತ್ರವೇ ಎದ್ದು ನಡೆಯುತ್ತಿತ್ತು. ಒಬ್ಬರು ಅದನ್ನು ಅಪ್ಪಿ ಹಿಡಿದುಕೊಳ್ಳಬೇಕು, ಹಿಡಿದವರ ಮಾತೂ ನಡುಗುತ್ತ ಬರುತ್ತಿತ್ತು. ಆ ನಡುಗುವ ದನಿಯಲ್ಲಿ ನಮ್ಮ ಓಣಿಯ ಎಷ್ಟೋ ಗುಟ್ಟುಗಳು ಹೊರಬಿದ್ದಿವೆ.

ಹೀಗೆ ಹತ್ತು ಮನೆಯ ಬಟ್ಟೆ ನುಂಗುವ ಹೊಟ್ಟೆಯಲ್ಲಿ ಒಂದು ದಿನ ಕಲೆ ಕಂಡರೆ ಯಾರ ಹೆಸರು ಹೇಳಬೇಕು?

ಆ ದಿನ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ನೀರು ಬಂದಿರಲಿಲ್ಲ, ತೊಟ್ಟಿಯಲ್ಲಿ ಉಳಿದ ನೀರಿನಲ್ಲಿ ನಾನು ನಮ್ಮ ಮನೆಯವರ ಬಿಳಿ ದೋತರವೊಂದನ್ನು ಜಾಲಿಸಿ ಡ್ರೈಯರಿಗೆ ಹಾಕಿದೆ. ತೆಗೆದಾಗ ಅದರ ಮೈತುಂಬ ನೀಲಿ ಚುಕ್ಕೆ. ನಾನು ಕೂಗಲಿಲ್ಲ, ದೋತರವನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು ನಿಂತೆ. ನನ್ನ ನೆಗೆಣ್ಣಿ ಶಾಂತಾ ಅಡುಗೆಮನೆಯಿಂದ ಬಂದು ನೋಡಿ ಬಾಯಿಗೆ ಸೆರಗು ಹಿಡಿದಳು. ಪಡಸಾಲೆಯಲ್ಲಿ ಅವರೆ ಬಿಡಿಸುತ್ತ ಕುಳಿತಿದ್ದ ಅತ್ತೆ ಅಲ್ಲಿಂದಲೇ, ಎದ್ದು ಬಾರದೆ, ಒಳಗೆ ಬಗ್ಗಿ ನೋಡದೆ ಅಂದರು:

"ಅದು ಚೀಲದ ಶಾಯಿ. ಯಾರೋ ಆಯೇರಿ ಅರಿವಿ ಹೆಸರ ತೊಳದಾರ."

ಆ ಮಾತಿನ ಅರ್ಥ ನಿಮಗೆ ಆಗಬೇಕಾದರೆ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಮದುವೆ, ಬಸುರಿಯ ಕುಬಸ, ಮನೆಯ ವಾಸ್ತುಶಾಂತಿಗಳಲ್ಲಿ ಬೀಗರು ನೆಂಟರು ಒಬ್ಬರಿಗೊಬ್ಬರು ಕೊಡುವ ಸೀರೆ, ಖಣ, ಟವೆಲ್ಲುಗಳಿಗೆ ನಮ್ಮ ಕಡೆ ಆಯೇರಿ ಎನ್ನುತ್ತಾರೆ. ಬಂದ ಆಯೇರಿಯನ್ನೆಲ್ಲ ಉಡುವವರು ಯಾರೂ ಇಲ್ಲ. ಮಡಿಕೆ ಬಿಚ್ಚದೆ ಟ್ರಂಕಿನಲ್ಲಿ ಇಟ್ಟು ಮುಂದಿನ ಮದುವೆಗೆ ಇನ್ನೊಬ್ಬರಿಗೆ ಕೊಡುತ್ತೇವೆ, ಅವರು ಮತ್ತೊಬ್ಬರಿಗೆ. ಒಂದು ಖಣ ಗಜೇಂದ್ರಗಡದಿಂದ ಹೊರಟು ರೋಣ, ಜಕ್ಕಲಿ, ನರಗುಂದ ಎಲ್ಲ ತಿರುಗಿ ಬಸ್ಸಿನ ಕಂಡಕ್ಟರನಿಗಿಂತ ಹೆಚ್ಚು ಊರು ಕಂಡಿರುತ್ತದೆ. ಇದರಲ್ಲಿ ತಪ್ಪೇನಿಲ್ಲ. ಬಟ್ಟೆ ತಿರುಗಿದಷ್ಟೂ ಬಳಗ ಹತ್ತಿರವಾಗುತ್ತದೆ ಎಂದೇ ತಿಳಿದವರು ನಾವು. ತಪ್ಪು ಒಂದೇ: ಕೊಟ್ಟವರಿಗೇ ಅವರು ಕೊಟ್ಟದ್ದನ್ನು ತಿರುಗಿ ಕೊಡುವುದು. ಅದು ಹೊಡೆತಕ್ಕಿಂತ ಕೆಟ್ಟದ್ದು. ಅದಕ್ಕೇ ಎಲ್ಲರೂ ಚೀಟಿ ಬರೆದು ಟಾಚಣಿ ಚುಚ್ಚಿಡುತ್ತಾರೆ.

ನಮ್ಮ ಮಾವನವರು ಚೀಟಿಯನ್ನು ನಂಬದ ಮನುಷ್ಯ. ಅವರದು ಕಾಳಿನ ಅಡತಿ ಅಂಗಡಿ. ಚೀಲದ ಮೇಲೆ ಕುಂಚದಿಂದ ಹೆಸರು ಬರೆಯುವ, ಮಳೆಗೂ ಬಿಸಿಲಿಗೂ ಜಗ್ಗದ ದಪ್ಪನೆಯ ಶಾಯಿಯ ಡಬ್ಬಿ ಅಂಗಡಿಯಲ್ಲಿ ಸದಾ ಇರುತ್ತಿತ್ತು. ಅದೇ ಶಾಯಿಯನ್ನು ಕಡ್ಡಿಗೆ ಹತ್ತಿಸಿ, ಬಂದ ಬಟ್ಟೆಯ ಒಳಚುಂಗಿಗೆ, ಎಂದರೆ ಮಡಿಕೆಯ ಒಳಗೆ ಉಳಿಯುವ ತುದಿಗೆ, ಕೊಟ್ಟವರ ಹೆಸರು, ಕೊಡುವ ಬಟ್ಟೆಯ ಒಳಚುಂಗಿಗೆ ನಮ್ಮ ಮನೆಯ ಹೆಸರು ಬರೆಯುವುದನ್ನು ಅವರು ಹಾಕಿಕೊಟ್ಟರು. ಕೊಡುವ ಬಟ್ಟೆಗೂ ಯಾಕೆ ಎಂದು ಕೇಳಿದರೆ, ಮಾಲು ಯಾರದೆಂದು ಮಾಲೇ ಹೇಳಬೇಕು ಎನ್ನುತ್ತಿದ್ದರಂತೆ. ಅವರು ತೀರಿಕೊಂಡ ಮೇಲೂ ಅತ್ತೆ ಅದನ್ನು ಬಿಡಲಿಲ್ಲ. ಸುತ್ತಲ ಊರುಗಳಲ್ಲಿ ಬಟ್ಟೆಯ ಮೇಲೆ ಚೀಲದ ಶಾಯಿ ಇರುವುದು ನಮ್ಮ ಮನೆಯದು ಮಾತ್ರ.

ಆದ್ದರಿಂದ ಅತ್ತೆ ಹೇಳಿದ್ದು ತರ್ಕಕ್ಕೆ ಸರಿಯಾಗಿತ್ತು. ಆ ಬಣ್ಣ ಬೇರೆ ಎಲ್ಲಿಂದಲೂ ಬರುವಂಥದ್ದಲ್ಲ. ಹೆಸರು ತೊಳೆದ ಬಟ್ಟೆ ಯಾರ ಕೈಗೂ ಹೋಗಬಹುದು. ಅಂದರೆ ಟ್ರಂಕಿನಿಂದ ಬಟ್ಟೆ ಹೋಗಿದೆ, ಹೋಗುವ ಮೊದಲು ಡ್ರೈಯರಿನಲ್ಲಿ ಸುತ್ತಿದೆ. ಇದು ಊಹೆ, ಆದರೆ ಅಂದು ಅದು ಊಹೆಯಂತೆ ಕೇಳಿಸಲಿಲ್ಲ; ಟ್ರಂಕು ತೆರೆದು ಎಣಿಸೋಣವೆಂದು ಯಾರೂ ಅನ್ನಲಿಲ್ಲ. ನೋಡದೆಯೇ ಶಾಯಿ ಯಾವುದೆಂದು ಅತ್ತೆಗೆ ಹೇಗೆ ತಿಳಿಯಿತು ಎಂಬ ಪ್ರಶ್ನೆ ನನ್ನೊಳಗೆ ಸುಮ್ಮನೆ ಒಮ್ಮೆ ಇಣುಕಿತು. ನೀಲಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲವಲ್ಲ. ದೋತರ ಅಗಲಿಸಿ ಹಿಡಿದಿದ್ದೆ, ಪಡಸಾಲೆಯಿಂದ ಕಂಡಿರಬೇಕು ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟೆ.

ಮೊದಲ ಅನುಮಾನ ಹೋದದ್ದು ಖೈರುನ್‌ಬಿಯ ಕಡೆಗೆ. ಪಕ್ಕದ ಮನೆಯ ದರ್ಜಿ ಹುಸೇನಸಾಬರ ಹೆಂಡತಿ. ನೀರು ಬಂದ ದಿನ ಎಲ್ಲರಿಗಿಂತ ಮೊದಲು ಬುಟ್ಟಿ ಹೊತ್ತು ಬರುವವಳು, ಯಂತ್ರವನ್ನು ಗಟ್ಟಿಯಾಗಿ ಅಪ್ಪಿ ಹಿಡಿಯಬಲ್ಲವಳು ಅವಳೊಬ್ಬಳೇ. ಅತ್ತೆ ನೇರವಾಗಿ ಏನೂ ಅನ್ನಲಿಲ್ಲ. ಇನ್ನು ಮೇಲೆ ಬೇರೆಯವರ ಬಟ್ಟೆ ಹಾಕುವುದು ಬೇಡ ಎಂದು ಹಿತ್ತಿಲಿಗೆ ಕೇಳುವಷ್ಟು ಗಟ್ಟಿಯಾಗಿ ಅಂದರು. ಗೋಡೆಯ ಆಚೆಯಿಂದ ಖೈರುನ್‌ಬಿಯ ಮುಖ ಎದ್ದಿತು.

"ಅಕ್ಕಾರ, ನಾವು ದರ್ಜ್ಯಾರ್ರಿ. ನಮ್ಮ ಅರಿವ್ಯಾಗ ಕಲಿ ಇದ್ರ ಗುರುತ ಹಾಕೂ ಖಡುವಿಂದು ಇರ್ತೈತಿ, ಶಾಯಿದಲ್ಲ. ಖಡು ಝಾಡಿಸಿದ್ರ ಹೋಗ್ತೈತಿ. ನಿಮ್ಮದು ಹೋಗೂವಂಥಾದ್ದಲ್ಲ ನೋಡ್ರಿ."

ನಗುತ್ತಲೇ ಅಂದಳು. ಆದರೆ ಮರುವಾರ ನೀರು ಬಂದಾಗ ಬುಟ್ಟಿ ಬರಲಿಲ್ಲ. ಅವಳ ಅಂಗಳದ ಹಗ್ಗದ ಮೇಲೆ ಸೀರೆಗಳು ನೀರು ಸೋರಿಸುತ್ತ ತೂಗುತ್ತಿದ್ದವು. ಆ ಹನಿ ಬೀಳುವ ಸದ್ದು ನಮ್ಮ ಮನೆಗೆ ಕೇಳಲೆಂದೇ ಬೀಳುತ್ತಿದೆಯೇನೋ ಅನ್ನಿಸಿ ನನಗೆ ಅಡುಗೆಮನೆಯಲ್ಲಿ ನಿಲ್ಲಲಾಗಲಿಲ್ಲ.

ಎರಡನೆಯ ಅನುಮಾನ ಹೊಸ್ತಿಲೊಳಗೇ ಬಂದಿತು. ಶಾಂತಾ ನರಗುಂದದ ಹುಡುಗಿ. ನನ್ನ ಮೈದುನನನ್ನು ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಕಲೆ ಕಾಣುವುದಕ್ಕೆ ಸ್ವಲ್ಪ ಮೊದಲು ತವರಿಗೆ ಹೋಗಿ ಬಂದಿದ್ದಳು, ಹೋಗುವಾಗ ಕೈಯಲ್ಲಿ ಒಂದು ಬಟ್ಟೆಯ ಗಂಟು ಇತ್ತು. ಗಂಟಿನಲ್ಲಿ ಅವಳ ತಂಗಿಗೆಂದು ಹೊಲಿಸಿದ ಲಂಗವಿತ್ತೆಂದು ನನಗೆ ಗೊತ್ತು, ಏಕೆಂದರೆ ಕಟ್ಟುವಾಗ ನಾನು ಅಲ್ಲಿಯೇ ಇದ್ದೆ. ಆದರೆ ಇದನ್ನು ನಾನು ಹೇಳಿದಾಗ ಅತ್ತೆ, "ಮ್ಯಾಲಿಂದು ಕಂಡಿ. ತಳದಾಗಿಂದು ಕಂಡೀಯೇನು?" ಎಂದರು. ಕಂಡಿರಲಿಲ್ಲ. ಖರೇ ಹೇಳಬೇಕೆಂದರೆ ಯಾವ ಗಂಟಿನ ತಳವನ್ನು ಯಾರು ಕಂಡಿರುತ್ತಾರೆ?

ಅನುಮಾನಕ್ಕೆ ಒಂದು ವಿಚಿತ್ರ ಗುಣವಿದೆ, ನೀವು ಗಮನಿಸಿರಬಹುದು. ಅದು ಹೊಸದಾಗಿ ಏನನ್ನೂ ತರುವುದಿಲ್ಲ. ಮನೆಯಲ್ಲಿ ಮೊದಲೇ ಇದ್ದದ್ದನ್ನೇ ಎತ್ತಿ ಬೇರೆ ಬೆಳಕಿನಲ್ಲಿ ಹಿಡಿಯುತ್ತದೆ. ಶಾಂತಾ ಬೆಳಿಗ್ಗೆ ಬೇಗ ಏಳುವುದು ನಿನ್ನೆಯವರೆಗೆ ಅವಳ ಗುಣವಾಗಿತ್ತು, ಇಂದು ಅದಕ್ಕೊಂದು ಕಾರಣ ಬೇಕಾಯಿತು. ಅವಳು ಹಿತ್ತಿಲಲ್ಲಿ ಮೆಲ್ಲಗೆ ಹಾಡಿಕೊಳ್ಳುವುದು ಯಾರಿಗೋ ಸೂಚನೆ ಕೊಡುವಂತೆ ಕೇಳಿಸತೊಡಗಿತು. ಕಪ್ಪು ಸೀರೆ ಉಟ್ಟರೆ ಕಲೆ ಮುಚ್ಚಲು, ಬಿಳಿ ಉಟ್ಟರೆ ತಾನು ನಿರ್ದೋಷಿ ಎಂದು ತೋರಿಸಲು. ನಾನೂ ಇದರಿಂದ ಹೊರಗಿರಲಿಲ್ಲ. ಅವಳ ಉಗುರಿನ ಸಂದಿಯಲ್ಲಿ ನೀಲಿ ಇದೆಯೇ ಎಂದು ರೊಟ್ಟಿ ಬಡಿಯುವಾಗ ನೋಡಿದೆ. ಅವಳು ನೋಡಿದ್ದನ್ನು ನೋಡಿದಳು. ಹಿಟ್ಟಿನ ಕೈಯನ್ನು ನನ್ನ ಮುಂದೆ ಚಾಚಿ, ಬೆರಳು ಅಗಲಿಸಿ ತೋರಿಸಿ, ಮತ್ತೆ ರೊಟ್ಟಿ ಬಡಿದಳು. ಆ ಹಿಟ್ಟಿನ ಬೆರಳುಗಳು ನನ್ನ ಕಣ್ಣಿನಲ್ಲಿ ಬಹಳ ದಿನ ನಿಂತವು.

ಅತ್ತೆ ನರಗುಂದಕ್ಕೆ ಫೋನು ಮಾಡಿಸಿದರು. ಸೊಸೆಯಿಂದ ಮನೆಯ ಬಟ್ಟೆ ಹಾಳಾಗುತ್ತಿದೆ, ಐತವಾರ ಬಂದು ಮಾತನಾಡಿ ಹೋಗಿರಿ ಎಂದಷ್ಟೇ ಬೀಗರಿಗೆ ಹೇಳಿದ್ದು. ನಮ್ಮ ಕಡೆ ಇಂಥ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಹುಡುಗಿಯ ತಂದೆ ಬರುತ್ತಾರೆ, ನಾಲ್ಕು ಮಾತು ಕೇಳಿಸಿಕೊಳ್ಳುತ್ತಾರೆ, ಸ್ವಲ್ಪ ದಿನ ಮನೆಯಲ್ಲಿ ಇಟ್ಟುಕೊಂಡು ಬುದ್ಧಿ ಹೇಳಿ ಕಳಿಸುತ್ತೇವೆ ಎಂದು ಕರೆದುಕೊಂಡು ಹೋಗುತ್ತಾರೆ. ಆ ಸ್ವಲ್ಪ ದಿನಕ್ಕೆ ಅಳತೆ ಇಲ್ಲ. ಮೈದುನ ತಾಯಿಯ ಎದುರು ತಲೆ ಎತ್ತುವವನಲ್ಲ, ನಮ್ಮ ಮನೆಯವರು ಹೆಂಗಸರ ಮಾತಿನಲ್ಲಿ ತಲೆ ಹಾಕುವವರಲ್ಲ. ಶಾಂತಾ ಅಂದು ಸಂಜೆ ದೀಪ ಹಚ್ಚಿ ಬಂದು ನನ್ನ ಪಕ್ಕದಲ್ಲಿ ಕುಳಿತಳು.

"ಅಕ್ಕಾ, ನಮ್ಮಪ್ಪ ಏನೂ ಕೇಳಾಂವಲ್ಲ. ತಪ್ಪ ಮಾಡೀಯೇನ ಅಂತನೂ ಕೇಳೂದಿಲ್ಲ. ಚೀಲ ತಗೋ ಅಂತಾನ, ಮುಂದ ನಡೀತಾನ. ಒಮ್ಮೆ ಬಸ್ಸ ಹತ್ತಿದ್ನೆಂದ್ರ ನನ್ನ ಕರಿಯಾಕ ಇಲ್ಲಿಂದ ಯಾರ ಬರ್ತಾರ, ನೀವ ಹೇಳ್ರಿ."

ನಾನು ಮಾಡಬಹುದಾಗಿದ್ದುದು ಒಂದೇ ಎಂದು ಆಗ ತೋರಿತು: ಐತವಾರದೊಳಗೆ ಕಲೆಯನ್ನಾದರೂ ತೆಗೆಯುವುದು. ಕಲೆ ಕಣ್ಣಿಗೆ ಬೀಳದಿದ್ದರೆ ಮಾತೂ ತಣ್ಣಗಾದೀತು ಎಂಬ ಮಂಕು ಆಸೆ.

ಹಾಗೆ ನಾನು ಡ್ರೈಯರಿನೊಳಗೆ ತಲೆ ತೂರಿಸಿದ್ದು. ಮೊದಲು ಸೋಪಿನ ಪುಡಿ, ಕಲೆ ಅಲುಗಲಿಲ್ಲ. ಲಿಂಬೆಯ ಹೋಳಿಗೆ ಉಪ್ಪು ಹಚ್ಚಿ ತಿಕ್ಕಿದೆ, ಒಳಗೆಲ್ಲ ಉಪ್ಪಿನಕಾಯಿಯ ವಾಸನೆ ಬಂತೇ ಹೊರತು ಬಣ್ಣ ಬಿಡಲಿಲ್ಲ. ಹುಳಿ ಮಜ್ಜಿಗೆಯಲ್ಲಿ ನೆನೆಸಿದ ಬಟ್ಟೆಯನ್ನು ಅಂಟಿಸಿ ಬಹಳ ಹೊತ್ತು ಬಿಟ್ಟೆ. ಮಾತು ಬಿಟ್ಟಿದ್ದರೂ ಖೈರುನ್‌ಬಿ ಗೋಡೆಯ ಮೇಲೆ ಒಂದು ಸಣ್ಣ ಬಾಟಲಿ ಇಟ್ಟು ಹೋದಳು: ದವಾಖಾನೆಯ ಸ್ಪಿರಿಟ್. ಅದಕ್ಕೆ ಕಲೆಯ ಅಂಚು ಸ್ವಲ್ಪ ಕರಗಿತು, ನಡುವಣದು ಹಾಗೆಯೇ ಉಳಿಯಿತು. ಕೊನೆಗೆ, ಚೀಲದ ಶಾಯಿ ಅಂಗಡಿಯ ಹಮಾಲರ ಕೈಗೆ ಹತ್ತಿದಾಗ ಅವರು ಯಾವುದರಿಂದ ತೊಳೆದುಕೊಳ್ಳುತ್ತಾರೆ ಎಂಬುದು ನೆನಪಾಗಿ, ಒಲೆಯ ಮೂಲೆಯಿಂದ ಸ್ಟೋವಿನ ಚಿಮಣಿ ಎಣ್ಣೆ ತಂದೆ. ಬಟ್ಟೆಯ ತುದಿಗೆ ಸ್ವಲ್ಪವೇ ಹತ್ತಿಸಿ ಒರೆಸಿದೆ. ನೀಲಿ ನೆನೆದ ಬೆಲ್ಲದಂತೆ ಸಡಿಲವಾಗಿ ಬಟ್ಟೆಗೆ ಬಂದಿತು.

ಆಗ ನಾನು ಸಂತೋಷಪಡಬೇಕಾಗಿತ್ತು. ಆದರೆ ಆ ಇಕ್ಕಟ್ಟಿನಲ್ಲಿ ಚಿಮಣಿ ಎಣ್ಣೆಯ ವಾಸನೆ ಮೂಗಿಗೆ ಅಡರಿದ್ದೇ ತಡ ನನ್ನ ಕೈ ನಿಂತಿತು. ಈ ವಾಸನೆಯನ್ನು ನಾನು ಇತ್ತೀಚೆಗೆ ಎಲ್ಲಿಯೋ, ಇರಬಾರದ ಜಾಗದಲ್ಲಿ, ಮೂಸಿದ್ದೆ. ಎಲ್ಲಿ? ದೇವರ ಮನೆಯಲ್ಲಿ. ದೋತರಕ್ಕೆ ಕಲೆ ಹತ್ತಿದ ದಿನದ ಬೆಳಿಗ್ಗೆಯೇ. ಅತ್ತೆ ಪೂಜೆ ಮುಗಿಸಿ ಪ್ರತಿದಿನದಂತೆ ನನ್ನ ಹಣೆಗೆ ವಿಭೂತಿ ಹಚ್ಚುವಾಗ ಅವರ ಬೆರಳು ಚಿಮಣಿ ಎಣ್ಣೆ ನಾರುತ್ತಿತ್ತು. ಸ್ಟೋವಿಗೆ ಎಣ್ಣೆ ಹಾಕಿರಬೇಕು ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಸ್ಟೋವು ಹೊತ್ತಿಸುವವಳು ನಾನು.

ಇದು ಸಾಕ್ಷಿಯೇ? ಅಲ್ಲ, ವಾಸನೆ ಮಾತ್ರ. ನಾನು ನನಗೇ ಹಾಗೆ ಹೇಳಿಕೊಂಡು ತಳದಲ್ಲಿದ್ದ ನೀಲಿಗೆ ಕೈ ಚಾಚಿದೆ. ಸುತ್ತುವ ಡಬ್ಬಿಗೂ ಅದರ ಮೇಲಂಚಿನ ರಬ್ಬರಿಗೂ ನಡುವಿನ ಸಂದಿಯಲ್ಲಿ ಬ್ರಶ್ಶಿಗೆ ಏನೋ ತೊಡಕಿತು. ಎಳೆದರೆ ಬಂದದ್ದು ಬೆರಳುದ್ದದ ಎಳೆಗಳ ಸಣ್ಣ ಸಿಕ್ಕು. ಬಾಗಿಲ ಬೆಳಕಿಗೆ ಹಿಡಿದೆ. ಕೆಂಪು ರೇಷ್ಮೆ, ನಡುವೆ ಬಿಳಿ, ಬಿಳಿಯ ತುದಿಗೆ ಶಾಯಿ. ಕೆಂಪು ಸೆರಗಿನ ಮೇಲೆ ಬಿಳಿ ಗೋಪುರದ ಸಾಲು ಬರುವ ನಮ್ಮ ಊರಿನ ಮಗ್ಗದ ಸೀರೆ ನಿಮಗೆ ಗೊತ್ತಿರಬಹುದು. ಅದರ ಸೆರಗಿನ ತುದಿಯ ಎಳೆ ಅದು. ಶಾಂತಾಳ ಬಳಿ ಅಂಥ ಸೀರೆ ಇಲ್ಲ, ನನ್ನ ಬಳಿ ಇಲ್ಲ. ಮನೆಯಲ್ಲಿ ಅಂಥದ್ದು ಇದ್ದುದು ಒಂದೇ, ಅದು ಅತ್ತೆಯ ಟ್ರಂಕಿನಲ್ಲಿ, ಟ್ರಂಕಿನ ಕೀಲಿ ಅವರ ಸೊಂಟದಲ್ಲಿ.

ಆ ಸೀರೆಯನ್ನು ನಾನು ಒಮ್ಮೆ ಮಾತ್ರ ಕಂಡಿದ್ದೆ. ಮೈದುನನ ಮದುವೆಯಲ್ಲಿ ಜಕ್ಕಲಿಯಿಂದ ಬಂದ ಅತ್ತೆಯ ತಮ್ಮ ಅಕ್ಕನಿಗೆ ಕೊಟ್ಟ ಆಯೇರಿ ಅದು. ತವರಿನ ಸೀರೆಯನ್ನು ಅಲ್ಲಿಯೇ ಬಿಚ್ಚಿ, ಸೇರಿದ ಹೆಂಗಸರಿಗೆಲ್ಲ ತೋರಿಸಿ, ಅಂಚು ಮುಟ್ಟಿಸಿ ಹೊಗಳಿಸಿಕೊಳ್ಳುವುದು ಪದ್ಧತಿ. ಅತ್ತೆ ಒಂದು ಮಡಿಕೆ ಎತ್ತಿದರು, ಮತ್ತೆ ಮುಚ್ಚಿದರು, ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದರು. ಮದುವೆಯ ಗದ್ದಲದಲ್ಲಿ ನಾನು ಅದಕ್ಕೆ ಅರ್ಥ ಹಚ್ಚಿರಲಿಲ್ಲ. ಈಗ ಹಚ್ಚಿದೆ: ಆ ಮಡಿಕೆಯೊಳಗೆ ಯಾರೂ ಓದಬಾರದ ಹೆಸರಿತ್ತು. ಮೂರು ತುಂಡುಗಳು ಬೇರೆಬೇರೆಯಾಗಿ ಬಿದ್ದಿದ್ದವು, ನೋಡದೆ ಹೇಳಿದ ಮಾತು, ಬೆರಳಿನ ವಾಸನೆ, ಈ ಎಳೆ. ನಾನು ಬೇಡವೆಂದರೂ ಅವು ತಾವಾಗಿಯೇ ಒಂದರ ಪಕ್ಕ ಒಂದು ಬಂದು ಕುಳಿತವು.

ಕಳ್ಳರನ್ನು ಹಿಡಿಯಬೇಕೆಂದು ಎಲ್ಲರೂ ಹೇಳುತ್ತಾರೆ, ಹಿಡಿದ ಮೇಲೆ ಕೈಯನ್ನು ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಅದೂ ಹಿಡಿದದ್ದು, ದಿನವೂ ನಮ್ಮ ಹಣೆಗೆ ವಿಭೂತಿ ಹಚ್ಚುವ ಬೆರಳನ್ನೇ ಆದರೆ! ಎಲ್ಲರ ಎದುರು ಎಳೆಯನ್ನು ತೋರಿಸಿದ್ದರೆ ಶಾಂತಾ ಉಳಿಯುತ್ತಿದ್ದಳು; ಅತ್ತೆ ಮತ್ತೆ ಈ ಮನೆಯಲ್ಲಿ ಮುಖ ಎತ್ತುತ್ತಿರಲಿಲ್ಲ. ತೋರಿಸದಿದ್ದರೆ ಅತ್ತೆ ಉಳಿಯುತ್ತಿದ್ದರು. ನರಗುಂದದ ಬಸ್ಸು ಹೊರಡುತ್ತಿತ್ತು. ನಾನು ಬ್ರಶ್ಶನ್ನು ಕೆಳಗಿಟ್ಟು ಪಡಸಾಲೆಗೆ ಹೋದೆ. ಗಂಡಸರು ಅಂಗಡಿಗೆ ಹೋಗಿದ್ದರು, ಶಾಂತಾ ಗಿರಣಿಗೆ ಹೋಗಿದ್ದಳು. ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು. ಎಳೆಯ ಸಿಕ್ಕನ್ನು ಅವರ ಹತ್ತಿಯ ಪಕ್ಕದಲ್ಲಿ, ಹತ್ತಿಗೆ ತಾಗದಂತೆ, ಇಟ್ಟೆ.

ಅವರು ಅದನ್ನು ನೋಡಿದರು. ಇನ್ನೊಂದು ಬತ್ತಿ ಹೊಸೆದರು. ಆಮೇಲೆ, "ಯಾರಿಗೆ ತೋರಿಸಿದಿ?" ಎಂದರು.

ಯಾರಿಗೂ ಇಲ್ಲ ಎಂದೆ.

"ಇದನ್ನ ನಾನ ನೇಯಿಸಿದ್ದು," ಅಂದರು ಅತ್ತೆ. ನಾನು ಏನೂ ಕೇಳಿರಲಿಲ್ಲ. "ನನ್ನ ತಮ್ಮನ ಮನಿ ವಾಸ್ತುಕ್ಕ, ಅವನ ಹೇಣ್ತಿಗೆ. ಮಗ್ಗದ ಮುಂದ ಕುಂತು, ಈ ಬಣ್ಣ ಬ್ಯಾಡ, ಆ ಬಣ್ಣ ಬ್ಯಾಡ ಅಂತ ಹೇಳಿ ನೇಯಿಸಿದ್ದು. ನಿಮ್ಮ ಮಾವ ಒಳಚುಂಗಿಗೆ ಹೆಸರ ಬರದ್ರು. ಆಕಿ ಅದನ್ನ ನನಗ ತಿರಗಿ ಕೊಟ್ಲು, ನನ್ನ ಮಗನ ಮದುವ್ಯಾಗ."

"ಮರತಿರಬೇಕ್ರಿ, ಅತ್ತಿ."

"ಮರೀಲಿ. ಮರತದ್ದಕ್ಕ ಅಲ್ಲ." ಅವರ ಕೈ ಹತ್ತಿಯ ಮೇಲೆ ನಿಂತಿತು. "ಒಳಗ ನಮ್ಮ ಹೆಸರ ಐತಿ. ಬಿಚ್ಚಿದ್ರ ಕಾಣ್ತಿತ್ತು. ಇಷ್ಟ ವರ್ಷ ಒಮ್ಮೆನೂ ಮಡಿಕಿ ಬಿಚ್ಚಿಲ್ಲ ಆಕಿ."

ಇಡೀ ಬಳಗವೇ ಬಟ್ಟೆಯನ್ನು ಬಿಚ್ಚದೆ ದಾಟಿಸುತ್ತದೆ. ಅತ್ತೆಯೂ ದಾಟಿಸಿದ್ದಾರೆ, ನಾನೂ. ಆ ಒಂದು ಸೀರೆ ಮಾತ್ರ ಹಾಗೆ ದಾಟಿಸಲು ಕೊಟ್ಟದ್ದಾಗಿರಲಿಲ್ಲ, ಉಡಲು ಕೊಟ್ಟದ್ದಾಗಿತ್ತು. ಇದು ಕೊಟ್ಟವರಿಗೆ ಗೊತ್ತು. ಪಡೆದವರಿಗೆ ಯಾವ ಶಾಯಿ ಹೇಳಬೇಕು? ಪಂಚಮಿಗೆ ಮೊದಲು ಟ್ರಂಕು ತೆರೆದು ಸೀರೆಗಳನ್ನು ಗಾಳಿಗೆ ಹಾಕುವಾಗ ಸೊಸೆಯರು ಒಳಚುಂಗಿ ನೋಡುತ್ತಾರೆ, ತವರಿನ ಆಯೇರಿಯ ಮೇಲೆ ನಮ್ಮದೇ ಮನೆಯ ಹೆಸರು ಓದುತ್ತಾರೆ ಎಂದು ಹೆದರಿ, ದೋತರಕ್ಕೆ ಕಲೆ ಹತ್ತಿದ ದಿನ ಅವರು ನಸುಕಿನಲ್ಲಿ ಎದ್ದು ಹೆಸರು ತೊಳೆದರು. ಚಿಮಣಿ ಎಣ್ಣೆಗೆ ಸಡಿಲಾದ ಶಾಯಿ ಡ್ರೈಯರಿನ ತಿರುಗಾಟಕ್ಕೆ ಸಿಕ್ಕಿ, ಹೋಗಬೇಕಾದ ಕಡೆ ಹೋಗದೆ, ಸೆರಗಿಗೂ ಗೋಡೆಗೂ ಹಾರಿತು.

ಶಾಂತಾಳ ಹೆಸರು ಯಾಕೆ ತೆಗೆದಿರಿ ಎಂದು ಕೇಳಿದೆ. ನನ್ನ ದನಿ ನನಗೇ ಗಟ್ಟಿ ಅನ್ನಿಸಿತು.

"ನೀ ದೋತರ ಹಿಡದ ನಿಂತಿದ್ದಿ. ಏನರ ಅನ್ನಬೇಕಾತು, ಬಾಯಿಗೆ ಬಂತು. ಬಂದದ್ದನ್ನ ನುಂಗಾಕ ಹೋದ್ರ ದಿನಾ ಅದು ದೊಡ್ಡದ ಆಗಾಕತ್ತು." ಹತ್ತಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. "ಐತವಾರ ಏನ ಮಾಡ್ತಿ ನೀನು?"

"ನಿಮ್ಮನ್ನ ಕೇಳಾಕ ಬಂದೇನ್ರಿ," ಎಂದೆ.

ಅವರು ಎಳೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. ಆ ಉಳಿದ ದಿನಗಳಲ್ಲಿ ನಾನು ಡ್ರೈಯರನ್ನು ಮುಟ್ಟಲಿಲ್ಲ. ಇನ್ನೊಂದು ಸಲ ಎಣ್ಣೆ ಒರೆಸಿದ್ದರೆ ಬಹುಶಃ ಪೂರಾ ಹೋಗುತ್ತಿತ್ತು. ಆದರೆ ಯಾರ ಕಲೆಯೆಂದು ತಿಳಿದ ಮೇಲೆ ಅದನ್ನು ನಾನೊಬ್ಬಳೇ ಅಳಿಸುವುದು ಎಳೆಯೂ ಕೈಬಿಟ್ಟ ಮೇಲೆ ಶಾಂತಾಳ ಪರವಾಗಿ ಉಳಿದಿದ್ದ ಸಾಕ್ಷಿಯನ್ನು ಅಳಿಸಿದಂತೆ ತೋರಿತು. ಅತ್ತೆಯ ಮೇಲೆ ನನಗೆ ನಂಬಿಕೆಯೂ ಪೂರ್ತಿ ಇರಲಿಲ್ಲ, ನಿಮ್ಮೆದುರು ಮುಚ್ಚಿಡುವುದೇಕೆ. ಮನಸ್ಸು ಕರಗಿದ್ದನ್ನು ಕಂಡಿದ್ದೆ. ಕರಗಿದ್ದು ಮತ್ತೆ ಹೆಪ್ಪುಗಟ್ಟುವುದನ್ನೂ ಈ ಮನೆಯಲ್ಲಿ ಕಂಡಿದ್ದೆ. ಶಾಂತಾಳಿಗೆ ಏನನ್ನೂ ಹೇಳಲು ಧೈರ್ಯ ಬರಲಿಲ್ಲ. ಶನಿವಾರ ಅವಳು ತನ್ನ ಚೀಲಕ್ಕೆ ನಾಲ್ಕು ಸೀರೆ ತುಂಬಿ ಬಾಗಿಲ ಹಿಂದೆ ಇಟ್ಟಳು. ತುಂಬುವಾಗ ನನ್ನನ್ನು ಕರೆದು ಕೂರಿಸಿಕೊಂಡಳು. ಒಂದೊಂದನ್ನೂ ಝಾಡಿಸಿ, ಬರಿದಾದ ಚೀಲವನ್ನು ಬೋರಲು ಮಾಡಿ ತೋರಿಸಿ ಆಮೇಲೆ ತುಂಬಿದಳು. "ತಳಾ ನೋಡಿರಲ್ರಿ ಅಕ್ಕಾ?" ಎಂದಳು. ನೋಡಿದೆ ಎಂದೆ.

ಐತವಾರ ಅವಳ ತಂದೆ ಬಂದರು. ನರಗುಂದದಿಂದ ರೋಣಕ್ಕೆ ಒಂದು ಬಸ್ಸು, ರೋಣದಿಂದ ಇನ್ನೊಂದು. ಮುಖದ ಮೇಲೆ ಎರಡು ಬಸ್ಸಿನ ಧೂಳು. ಕಾಲುವೆಯ ನೀರಿನಲ್ಲಿ ಬೆಳೆದ ಗೋವಿನಜೋಳದ ತೆನೆಗಳನ್ನು ಚೀಲದಲ್ಲಿ ತಂದಿದ್ದರು. ಚಪ್ಪಲಿಯನ್ನು ತಿರುಗಿ ಹೋಗುವ ದಿಕ್ಕಿಗೆ ಮುಖ ಮಾಡಿ ಬಿಟ್ಟು, ಕಂಬಳಿಯ ಅಂಚಿನಲ್ಲಿ, ಪೂರಾ ಕೂರದೆ, ಕುಳಿತರು. ಕೊಟ್ಟ ನೀರನ್ನು ಕುಡಿಯದೆ ಪಕ್ಕದಲ್ಲಿ ಇಟ್ಟುಕೊಂಡರು. ನಮ್ಮ ಮನೆಯವರು ಮಳೆಯ ಮಾತು ಎತ್ತಿದರು, ಅದು ಮುಂದೆ ಹೋಗಲಿಲ್ಲ. ಮೈದುನ ಕಂಬಕ್ಕೆ ಒರಗಿ ತನ್ನ ಕಾಲುಬೆರಳು ನೋಡುತ್ತಿದ್ದ. ಶಾಂತಾ ಅಡುಗೆಮನೆಯ ಬಾಗಿಲಲ್ಲಿ ನಿಂತ ಕಡೆಯಿಂದ ಅವಳ ಚೀಲ ಕಾಣುತ್ತಿತ್ತು.

ಅತ್ತೆ ಒಳಕೋಣೆಯಿಂದ ಬಂದರು. ಮೈಮೇಲೆ ಆ ಸೀರೆ. ಹೊಸ ಸೀರೆಯ ಗಟ್ಟಿ ಮಡಿಕೆಗಳು ಇನ್ನೂ ಬಿಟ್ಟಿರಲಿಲ್ಲ, ಹೆಗಲ ಮೇಲೆ ಗೆರೆಗೆರೆಯಾಗಿ ನಿಂತಿದ್ದವು. ಕೆಂಪು ಸೆರಗಿನ ಬಿಳಿ ಗೋಪುರಗಳ ಮೇಲೆ ಅಂಗೈಯಷ್ಟು ಅಗಲಕ್ಕೆ ಶಾಯಿ ಹರಡಿತ್ತು. ಬೀಗರ ಮುಂದೆ ಉಡುವ ಸೀರೆಯಲ್ಲ ಅದು. ಪಡಸಾಲೆಯಲ್ಲಿ ಎಲ್ಲರೂ ಅದನ್ನು ಕಂಡರು, ಕಂಡ ಮೇಲೆ ಎಲ್ಲರೂ ಬೇರೆ ಕಡೆ ನೋಡಿದರು.

ಶಾಂತಾಳ ತಂದೆ ಎದ್ದು ನಿಂತರು. "ನಮ್ಮ ಹುಡಿಗಿ ಕಡೆಯಿಂದ ಏನ ತಪ್ಪಾಗೇತ್ರಿ, ಅಕ್ಕಾರ?"

"ತಪ್ಪ ಆಕೀದಲ್ಲರಿ, ಬೀಗರ. ಅರಿವಿ ಹಾಳ ಮಾಡಿದಾಕಿ ನಾನು. ಫೋನಿನ್ಯಾಗ ಹೇಳಿಸಿದ್ದು ಸುಳ್ಳು." ಅತ್ತೆಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ನೀರ ಕುಡೀರಿ. ಊಟಾ ಮಾಡಿ ಹೋಗ್ರಿ."

ಯಾಕೆ ಎಂದು ಅವರು ಹೇಳಲಿಲ್ಲ. ಬೀಗರ ಕಣ್ಣು ಉತ್ತರ ಹುಡುಕುತ್ತ ಅತ್ತೆಯ ಮುಖದಿಂದ ಕೆಳಗಿಳಿದು ಸೆರಗಿನ ಕಡೆಗೆ ಹೊರಟಿತು. ಇನ್ನೊಂದು ಗಳಿಗೆಯಾದರೆ ಅಲ್ಲಿ ನಿಲ್ಲುತ್ತಿತ್ತು. ನಿಂತರೆ ಮಾತು ಬರುತ್ತಿತ್ತು, ಮಾತಿನ ಹಿಂದೆ ಜಕ್ಕಲಿಯ ತವರೂ ಬರುತ್ತಿತ್ತು. ಶಾಂತಾ ಅಡುಗೆಮನೆಯ ಬಾಗಿಲಿನಿಂದ ನಡೆದು ಬಂದಳು. ಅವಳಿಗೆ ಎಷ್ಟು ತಿಳಿದಿತ್ತೋ ನನಗೆ ಗೊತ್ತಿಲ್ಲ. ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆ. ತಂದೆಗೂ ಅತ್ತೆಗೂ ನಡುವೆ ಬಂದು ನಿಂತಳು, ಸೆರಗಿನ ಶಾಯಿಯ ಮೂಲೆಯನ್ನು ಎತ್ತಿ, ಒಳಗೆ ಮಡಿಚಿ, ಅತ್ತೆಯ ಸೊಂಟದಲ್ಲಿ ಬಿಗಿಯಾಗಿ ಸಿಕ್ಕಿಸಿದಳು.

"ಇರಲಿ ಬಿಡು, ಕಾಣಲಿ," ಅಂದರು ಅತ್ತೆ, ಅವಳಿಗಷ್ಟೇ ಕೇಳುವಂತೆ.

"ಬಡಸಾಕ ಅಡ್ಡ ಬರ್ತೈತ್ರಿ, ಅತ್ತಿ," ಎಂದಳು ಶಾಂತಾ.